ವಿರಾರ್ ಗಾಡಿಯಲ್ಲಿ ಕೋಲ್ಕತ್ತಕ್ಕೆ

ಮುಂಬಯಿಯಿಂದ ಕೋಲ್ಕತ್ತಕ್ಕೆ ವಿಮಾನದಲ್ಲಿ ಎರಡೂವರೆ ಗಂಟೆಯ ಹಾದಿ ಎಂದು ನನ್ನ ಮೊಬೈಲು ಕೇಳಿದ ಕೂಡಲೇ ಹೇಳುತ್ತದೆ. ಅದರ ಆತ್ಮವಿಶ್ವಾಸ ಕಂಡರೆ ನನಗೆ ಹೊಟ್ಟೆಕಿಚ್ಚು. ನಾವು ಮುಂಬಯಿಯವರೂ ದೂರವನ್ನು ಗಂಟೆಗಳಲ್ಲೇ ಅಳೆಯುವವರು. ಆದರೆ ಪವಾಯಿಯ ನನ್ನ ಮನೆಯಿಂದ ಫೋರ್ಟಿನ ಆಫೀಸಿಗಿರುವ ಒಂದೂವರೆ ಗಂಟೆಯ ದೂರ ಮಳೆ ಬಂದ ದಿನ ದುಪ್ಪಟ್ಟಾಗುತ್ತದೆ. ಭೂಗೋಳಶಾಸ್ತ್ರಜ್ಞರು ಮನ್ನಿಸಬೇಕು.

ಆ ಎರಡೂವರೆ ಗಂಟೆ ನನಗೆ ಮುಖ್ಯವಾದದ್ದು ಹೋದ ವರ್ಷ, ಕೋಲ್ಕತ್ತದಲ್ಲಿರುವ ಅಕ್ಕನಿಗೆ ಹೃದಯದ ಆಪರೇಷನ್ ನಿಶ್ಚಯವಾದಾಗ. ತಾಯಿ ತೀರಿಕೊಂಡ ಮೇಲೆ ಧಾರವಾಡದಲ್ಲಿ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಮಧ್ಯಾಹ್ನ ಫೋನ್ ಮಾಡಿ, "ತಮ್ಮಾ, ನಾಳೆ ಮುಂಜಾನೆ ಏಳಕ್ಕ ಒಳಗ ಒಯ್ತಾರಂತ. ಅದಕ್ಕೂ ಮೊದ್ಲ ಒಮ್ಮೆ ನಿನ್ನ ಮಾರಿ ನೋಡಬೇಕನಸ್ತದ" ಎಂದಳು. ಡಾಕ್ಟರು ಧೈರ್ಯವನ್ನು ಅಳೆದೂ ಸುರಿದೂ ಕೊಟ್ಟಿದ್ದರು. ಆ ಸಂಜೆಯ ವಿಮಾನ ತಪ್ಪಿದರೆ ಅವಳನ್ನು ನೋಡುವುದೂ ತಪ್ಪುತ್ತಿತ್ತು.

ಆಫೀಸಿನಿಂದಲೇ ಹೊರಟೆ. ಸಂಜೆಯ ರಸ್ತೆಯನ್ನು ನಂಬಬಾರದೆಂಬ ಜಾಣತನದಿಂದ ಚರ್ಚ್‌ಗೇಟಿಗೆ ಹೋಗಿ, ವಿಮಾನ ನಿಲ್ದಾಣಕ್ಕೆ ಹತ್ತಿರದ ಅಂಧೇರಿಯಲ್ಲಿ ನಿಲ್ಲುತ್ತದೆಂದು ಫಲಕ ಓದಿ, ವಿರಾರ್ ಫಾಸ್ಟ್ ಲೋಕಲ್ ರೈಲು ಏರಿದೆ. ಪಶ್ಚಿಮ ರೈಲ್ವೆಯ ಓದುಗರು ಈಗಾಗಲೇ ಹಣೆ ಚಚ್ಚಿಕೊಂಡಿರುತ್ತಾರೆ. ಮೂವತ್ತು ವರ್ಷ ಸೆಂಟ್ರಲ್ ಲೈನಿನಲ್ಲೇ ಓಡಾಡಿದ ಪಂಡಿತನಿಗೆ, ಸಂಜೆಯ ವಿರಾರ್ ಗಾಡಿ ಕೊನೆಯ ತನಕ ಹೋಗುವವರ ಸ್ವತ್ತು, ನಡುವೆ ಅಂಧೇರಿಯಲ್ಲಿ ಇಳಿಯುವವನು ಅದನ್ನು ಹತ್ತುವುದೇ ಅಪರಾಧ, ಹತ್ತಿದರೆ ಅವನನ್ನು ಇಳಿಯಗೊಡುವುದಿಲ್ಲ ಎಂಬ ಅಲಿಖಿತ ಶಾಸನ ಗೊತ್ತಿರಲಿಲ್ಲ.

ಬಾಂದ್ರಾ ದಾಟಿದ ಮೇಲೆ ಮುಂದಿನವನ ಬೆನ್ನಿಗೆ "ಅಂಧೇರಿ?" ಎಂದೆ. ಡಬ್ಬಿಗೆ ಡಬ್ಬಿಯೇ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ದಪ್ಪ ಮೀಸೆಯವನು, "ಅಬ್ ವಿರಾರ್ ಘೂಮ್ ಕೇ ಆವೋ, ಅಂಕಲ್" ಎಂದು ವಿರಾರ್ ಸುತ್ತಿಕೊಂಡೇ ಬರಲು ಹೇಳಿದ. ನನ್ನ ವಾಕ್ಚಾತುರ್ಯವೆಲ್ಲ ಕೈಕೊಟ್ಟಿತು. "ಬಹೆನ್ ಕಾ ಆಪರೇಷನ್ ಹೈ" ಎನ್ನುವಷ್ಟರಲ್ಲಿ, ಐವತ್ತೆಂಟರ ಈ ಗೃಹಸ್ಥನಿಗೆ ಅಳು ಬಂದುಬಿಟ್ಟಿತು.

ನಗು ನಿಂತಿತು. "ಏ, ಕಾಕಾಂನಾ ಜಾಗಾ ದ್ಯಾ ರೇ!" ಎಂದು ಅದೇ ಮೀಸೆಯವನು ಕೂಗಿದ. ಉಸಿರಾಡಲೂ ಎಡೆಯಿಲ್ಲದಲ್ಲಿ ಜನ ಅಡ್ಡ ತಿರುಗಿದರು, ನನ್ನ ಚೀಲ ತಲೆಗಳ ಮೇಲೆ ಸಾಗಿತು, ನಾನು ಕೈಯಿಂದ ಕೈಗೆ ದಾಟಿದೆ. ಅಂಧೇರಿಯಲ್ಲಿ ಅವನೇ ಮೊದಲು ಇಳಿದು ನನ್ನನ್ನು ಎಳೆದುಕೊಂಡ, ಚೀಲ ಇಸಿದುಕೊಂಡು ನನ್ನ ಕೈಗಿಟ್ಟ. ಅಷ್ಟರಲ್ಲಿ ಅವನ ಜಾಗ ತುಂಬಿ, ಗಾಡಿ ಅವನನ್ನು ಬಿಟ್ಟೇ ಹೊರಟಿತು. "ಪಳಾ ಕಾಕಾ, ಪಳಾ!" ಎಂದ. ನಾನು ಓಡಿದೆ.

ವಿಮಾನ ಸಿಕ್ಕಿತು. ಬೆಳಗ್ಗೆ ಆರಕ್ಕೆ ಅಕ್ಕ ನನ್ನ ಗಲ್ಲ ಸವರಿ, "ಚಾ ಕುಡಿದಿಯೇನೋ?" ಎಂದು ಕೇಳಿಯೇ ಒಳಗೆ ಹೋದಳು. ದೇವರ ದಯೆ, ಡಾಕ್ಟರ ಕೈಗುಣ, ಉಳಿದಳು.

ಎಲ್ಲರಿಗೂ ಕೃತಜ್ಞತೆ ಹೇಳಿದೆ, ವಿಮಾನದ ಬಾಗಿಲಲ್ಲಿ ಕೈಮುಗಿದ ಗಗನಸಖಿಗೂ ಸಹ. ನಾಲ್ಕನೆಯ ದಿನ ಅಕ್ಕನಿಗೆ ಈ ಕಥೆಯನ್ನು, ನನ್ನ ಅಳುವನ್ನು ಕೊಂಚ ಕಡಿಮೆ ಮಾಡಿ, ಹೇಳಿದೆ. ಅವಳು ನಗಲಿಲ್ಲ.

"ಆ ಪುಣ್ಯಾತ್ಮ ಮನಿ ಯಾವಾಗ ಮುಟ್ಟಿದನೋ?" ಎಂದಳು.

ನನಗೆ ಗೊತ್ತಿರಲಿಲ್ಲ. ಅವನ ಹೆಸರು ಕೇಳಿರಲಿಲ್ಲ, ತಿರುಗಿಯೂ ನೋಡಿರಲಿಲ್ಲ. ಅಕ್ಕ ಸೂಜಿ ಚುಚ್ಚಿದ ಕೈಯನ್ನೂ ಮೆಲ್ಲಗೆ ಎತ್ತಿ ಕಿಟಕಿಯ ಕಡೆಗೆ ಮುಗಿದಳು. ಮುಂಬಯಿ ಇದ್ದದ್ದು ಅವಳ ಬೆನ್ನಿಗೆ. ನಾನು ತಿದ್ದಲಿಲ್ಲ, ಅವಳು ಮುಗಿದ ದಿಕ್ಕಿಗೇ ನಾನೂ ಕೈಮುಗಿದೆ.