ಅಜ್ಜಿಯ ಬಟ್ಟೆ ಒಗೆಯುವ ಕಲ್ಲು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಳಿಯಾರಿನ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ನಾವು ಮೂವರು ಮೇಷ್ಟ್ರುಗಳು ಸೇರಿ, ಊರ ಸುತ್ತ ಬಿದ್ದಿದ್ದ ಹಳೆಯ ಶಿಲೆಗಳನ್ನು ಹುಡುಕಿ ಎತ್ತಿ ನಿಲ್ಲಿಸುವ ಕೆಲಸ ಹಚ್ಚಿಕೊಂಡಿದ್ದೆವು. ಭಾನುವಾರ ಬಂತೆಂದರೆ ಹಾರೆ, ಪೊರಕೆ ಹಿಡಿದು ಹೊರಡುವುದು. ಮನೆಯವರ ಕಣ್ಣಿಗೆ ನಾವು ಕೆಲಸವಿಲ್ಲದವರು. ನಮ್ಮ ಕಣ್ಣಿಗೆ ಮಾತ್ರ ಭಾರಿ ಸಂಶೋಧಕರು.

ಹಾಗೊಂದು ಭಾನುವಾರ ಕೆರೆಯ ಬದಿಯಲ್ಲಿ ಅಜ್ಜಿಯೊಬ್ಬರು ಬಟ್ಟೆ ಒಗೆಯುತ್ತಿದ್ದರು. ಅವರ ಚಪ್ಪಡಿಯ ಅಂಚಿನಲ್ಲಿ ಏನೋ ಕೆತ್ತನೆ ಇದ್ದಂತಿತ್ತು. ಬಗ್ಗಿ ಅಡಿಗೆ ಕೈ ಹಾಕಿ ತಡವಿದೆ. ಬೆರಳಿಗೆ ಕಲ್ಲಿನಲ್ಲಿ ಕೆತ್ತಿದ ಒಂದು ದನದ ಕೊಂಬು ಸಿಕ್ಕಿತು. ಮಕಾಡೆ ಬಿದ್ದಿದ್ದ ವೀರಗಲ್ಲು!

"ಅಜ್ಜಿ, ಈ ಕಲ್ಲು ಎತ್ತಿ ನಿಲ್ಲಿಸ್ಬೇಕು."

"ಎತ್ಕಳಪ್ಪ. ಆಮೇಲೆ ನಿನ್ ಬೆನ್ ಮೇಲೆ ಬಟ್ಟೆ ಒಗೀಲಾ?"

ಮಾತು ನ್ಯಾಯವಾಗಿಯೇ ಇತ್ತು. ಮುಂದಿನ ವಾರ ಎತ್ತಿನ ಗಾಡಿಯಲ್ಲಿ ಬೇರೆ ಚಪ್ಪಡಿ ತಂದೆವು. ಅಜ್ಜಿ ಅಂಗೈಯಲ್ಲಿ ಸವರಿ, "ತರಿ ಐತೆ, ಸೀರೆ ಹರ್ದೋಯ್ತದೆ" ಎಂದರು. ಇನ್ನೊಂದು ತಂದೆವು. "ಇದು ತಗ್ಗು. ಸೊಂಟ ಯಾರದು?" ಎಂದರು. ಮೂರನೆಯದನ್ನು ಪರೀಕ್ಷಿಸಲು ನನ್ನ ಅಂಗಿಯನ್ನೇ ಬಿಚ್ಚಿಸಿಕೊಂಡು ಬಡಿದರು. ಎರಡು ಗುಂಡಿ ಹಾರಿದವು. ಚಪ್ಪಡಿ ಪಾಸಾಯಿತು.

ಚಿಕ್ಕನಾಯಕನಹಳ್ಳಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಒಬ್ಬರಿದ್ದರು. ಎಲ್ಲರೂ ಅವರನ್ನು ಭಾಯ್ ಎಂದೇ ಕರೆಯುತ್ತಿದ್ದುದು. ಇಂಜಿನ್ ಎತ್ತುವ ಸರಪಳಿ ರಾಟೆ ಹೊತ್ತು ಅವರು ಬಂದರು. ಮೂರು ಮರದ ಕಂಬ ನಿಲ್ಲಿಸಿ, ಸರಪಳಿ ಬಿಗಿದು, "ಮೇಷ್ಟ್ರೇ, ಪಾಠ ಸಾಕು, ಹಿಂದಕ್ಕೆ ಸರೀರಿ" ಎಂದು ಎಳೆಯತೊಡಗಿದರು. ಕಲ್ಲು ಕೆಸರಿನಿಂದ ಮೆಲ್ಲಗೆ ಬಿಟ್ಟುಕೊಂಡು ಎದ್ದು ನಿಂತಿತು.

ಅಜ್ಜಿ ಯಾರನ್ನೂ ಹತ್ತಿರ ಬಿಡಲಿಲ್ಲ. ತಾವೇ ಕೊಡಕೊಡ ನೀರು ಹೊಯ್ದು, ಮಗುವಿಗೆ ಎರೆಯುವ ಹಾಗೆ ಅಂಗೈಯಿಂದ ಮೆತ್ತಗೆ ತೊಳೆದರು. ಮೊದಲು ದನಗಳು ಕಂಡವು. ಆಮೇಲೆ ಬಿಲ್ಲು ಹಿಡಿದು ನಿಂತ ವೀರ. ಅವನ ಮುಖ ಕಂಡಾಗ ಅಜ್ಜಿಯ ಕೈ ನಿಂತಿತು.

"ಮದುವೆಯಾಗಿ ಬಂದಾಗಿಂದ ಈ ಪುಣ್ಯಾತ್ಮನ ಬೆನ್ ಮೇಲೇ ಒಗ್ದೆನಲ್ಲಪ್ಪ" ಎಂದು ಸೆರಗಿನಿಂದ ಕಲ್ಲನ್ನು ಒರೆಸಿದರು.

ಅಷ್ಟರಲ್ಲಿ ಸುದ್ದಿ ಗೊಲ್ಲರಹಟ್ಟಿಗೂ ಮುಟ್ಟಿತ್ತು. ಅಲ್ಲಿಂದ ಬಂದ ಹಿರಿಯರು ದನಗಳನ್ನು ನೋಡಿದವರೇ, "ಇವ್ನು ನಮ್ಮೋನು ಕಣ್ರೀ, ಹಟ್ಟಿಗೆ ಕೊಟ್ಬುಡಿ" ಎಂದರು. ಊರಿನವರು ಒಪ್ಪಬೇಕಲ್ಲ! ಸ್ವಲ್ಪ ಹೊತ್ತು ದನಿಗಳು ಏರಿದವು. ಕೊನೆಗೆ ಭಾಯ್, "ನನ್ನ ಸರಪಳಿ ಏರಿ ತನಕ ಮಾತ್ರ ಬತ್ತದೆ, ಅದರಿಂದಾಚೆಗೆ ನೀವೇ ಹೊತ್ಕಳಿ" ಎಂದುಬಿಟ್ಟರು. ಊರಿನ ದಾರಿಯೂ ಹಟ್ಟಿಯ ದಾರಿಯೂ ಕವಲೊಡೆಯುವುದು ಕೆರೆ ಏರಿಯ ಮೇಲೆಯೇ. ಅಲ್ಲಿಯೇ ನಿಲ್ಲಿಸುವುದೆಂದಾಯಿತು. ಗುಂಡಿ ತೋಡಿದವರು ಹಟ್ಟಿಯವರು; ಸುತ್ತ ಕಟ್ಟೆ ಕಟ್ಟಿದವರು ಊರಿನವರು.

ಉಳಿದದ್ದು ಬೋರ್ಡು. ವೀರನ ಹೆಸರು ಯಾರಿಗೂ ಗೊತ್ತಿಲ್ಲ. "ದನಗಳನ್ನು ಕಾಪಾಡಲು ಹೋರಾಡಿ ಮಡಿದವನು" ಎಂದು ನಾನು ಸೀಮೆಸುಣ್ಣದಲ್ಲಿ ಬರೆದು ಓದಿ ಹೇಳಿದೆ.

"ಮಡಿದವನು ಅಂದ್ರೇನ್ಲಾ? ಅವರೇನು ನಿನ್ ವಾರಿಗೆಯೋರಾ?" ಎಂದು ಅಜ್ಜಿ ರೇಗಿದರು.

ಅಳಿಸಿ, "ಮಡಿದವರು" ಎಂದು ಬರೆದೆ. ಆಮೇಲೆ ಪೇಂಟರ್ ಆ ಅಕ್ಷರಗಳನ್ನೇ ಬಣ್ಣದಲ್ಲಿ ತಿದ್ದಿದ.