ತಾಂಡ್ರ ಹಿಡಿದ ಕೈ

ಅತ್ತೆಯ ಬಲಗೈ ಹೆಬ್ಬೆರಳು ಪೂರ್ತಿ ಬಿಳಿ. ತೋರುಬೆರಳಿನ ತುದಿಯೂ ಬಿಳಿ. ಅಲ್ಲಿಂದ ಮಣಿಕಟ್ಟಿನವರೆಗೆ, ರಾಗಿ ಬಣ್ಣದ ಚರ್ಮದ ಮೇಲೆ ಯಾರೋ ಹಾಲು ಚೆಲ್ಲಿ ಒರೆಸದೆ ಬಿಟ್ಟ ಹಾಗೆ ಅಂಕುಡೊಂಕಾದ ಮಚ್ಚೆಗಳು. ಮುಖದ ಮೇಲೂ ಎರಡಿದ್ದವು: ತುಟಿಯ ಮೂಲೆಯಲ್ಲಿ ಒಂದು, ಎಡಗಣ್ಣಿನ ಕೆಳಗೆ ಒಂದು. ಎಡಗಣ್ಣೋ ಬಲಗಣ್ಣೋ ಎಂದು ಬರೆಯುವಾಗ ತಡೆದು ಯೋಚಿಸಬೇಕಾಯಿತು. ಕೈಯ ವಿಷಯದಲ್ಲಿ ಆ ಅನುಮಾನವಿಲ್ಲ. ಅದನ್ನು ನಾನು ಫೋನಿನ ಪರದೆಯ ಮೇಲೆ ಹಿಗ್ಗಿಸಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಅವರು ನನ್ನ ಅಪ್ಪನ ಅಕ್ಕ. ಯಲ್ದೂರಿನ ನಮ್ಮ ಮನೆಯಲ್ಲೇ ಇದ್ದವರು. ಚಿಕ್ಕ ವಯಸ್ಸಿಗೇ ತೊನ್ನು ಕಾಣಿಸಿಕೊಂಡಿತು. ಅದು ಅಂಟುವ ರೋಗವಲ್ಲ ಎಂದು ಡಾಕ್ಟರು ಹೇಳಿದ್ದು ಊರಿಗೆಲ್ಲ ಗೊತ್ತಿತ್ತು. ಆದರೂ ಅತ್ತೆಗೆ ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಂದೂ ಮಾತಾಗಲಿಲ್ಲ.

ಅವರ ಬಾಯಿಗೆ ಮಾತ್ರ ಯಾರೂ ಎದುರು ನಿಲ್ಲುತ್ತಿರಲಿಲ್ಲ. ಮಾವಿನ ತೋಟದ ಕಾಯಿ ತೂಗಲು ಬಂದ ವ್ಯಾಪಾರಿಯೊಬ್ಬ ಒಮ್ಮೆ, "ಏಮಮ್ಮಾ, ಕೈಗೆ ಏನೂ ಔಷಧಿ ಹಾಕ್ಲೇ ಇಲ್ವಾ?" ಎಂದ. "ಹಾಕ್ತೀನಪ್ಪಾ. ಮೊದ್ಲು ನಿನ್ ತಕ್ಕಡಿಗೆ ಹಾಕಿ, ಉಳಿದ್ರೆ ನಾನು ಹಚ್ಕೊಂತೀನಿ" ಎಂದರು ಅತ್ತೆ. ಅವತ್ತು ಅವನು ಪ್ರತಿ ಬುಟ್ಟಿಯನ್ನೂ ಎರಡೆರಡು ಸಲ ತೂಗಿದ.

ನಮ್ಮ ಕಡೆ ಉಪ್ಪು, ಮೆಣಸಿನಕಾಯಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಜಗಳವಾಗುತ್ತದಂತೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಅತ್ತೆ ಎಲ್ಲವನ್ನೂ ಹಾಗೆಯೇ ಕೊಡುತ್ತಿದ್ದರು. ಕಾಫಿ ಲೋಟ ಜಗಲಿಯ ಮೇಲೆ, ಬಾಳೆಹಣ್ಣು ತಟ್ಟೆಯಲ್ಲಿ, ನನ್ನ ಬಸ್ಸಿನ ಚಿಲ್ಲರೆ ಕಿಟಕಿಯ ಕಟ್ಟೆಯ ಮೇಲೆ. ಅತ್ತೆಗೆ ಎಲ್ಲವೂ ಉಪ್ಪೇ ಎಂದು ಸಣ್ಣವಳಿದ್ದಾಗ ಅಂದುಕೊಂಡಿದ್ದೆ. ಎಂ.ಎ. ಓದುವಾಗ ರಜಕ್ಕೆ ಬಂದಿದ್ದ ಒಂದು ದಿನ ಪಕ್ಕದ ಮನೆಯ ಹೊಸ ಸೊಸೆ ಅರಿಶಿನ ಕುಂಕುಮಕ್ಕೆ ಬಂದಳು. ಅತ್ತೆ ಕುಂಕುಮದ ಬಟ್ಟಲನ್ನು ಅವಳ ಮುಂದಿಟ್ಟು, "ತಗೋಮ್ಮಾ" ಎಂದು ಹಿಂದೆ ಸರಿದರು. ಆ ಹುಡುಗಿ ಬಿಗಿಹಿಡಿದಿದ್ದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಎದುರಿನವರು ಹಿಂಜರಿಯುವ ಪ್ರಸಂಗವೇ ಬಾರದ ಹಾಗೆ ಅತ್ತೆ ಎಲ್ಲರಿಗೂ ಮೊದಲೇ ದಾರಿ ಬಿಡುತ್ತಿದ್ದರು ಎಂಬುದು ಆಗ ಹೊಳೆಯಿತು. ಹೊಳೆದ ಮೇಲೂ ನಾನು ಏನೂ ಮಾಡಲಿಲ್ಲ. ಕಿಟಕಿಯ ಕಟ್ಟೆಯ ಮೇಲಿನ ಚಿಲ್ಲರೆಯನ್ನು ಮೊದಲಿನಂತೆಯೇ ಎತ್ತಿಕೊಳ್ಳುತ್ತಿದ್ದೆ.

ಮಾವಿನ ಕಾಲದಲ್ಲಿ ಅತ್ತೆ ತಾಂಡ್ರ ಮಾಡುತ್ತಿದ್ದರು. ಗಾಳಿಗೆ ಬಿದ್ದು ಪೆಟ್ಟಾದ, ಮಂಡಿಗೆ ಸಲ್ಲದ ರಸಪುರಿ ಹಣ್ಣಿನ ರಸ ಹಿಂಡಿ, ಬೆಲ್ಲ ಬೆರೆಸಿ, ಎಣ್ಣೆ ಸವರಿದ ತಟ್ಟೆಗಳಲ್ಲಿ ಹರಡಿ ಮಾಳಿಗೆಯ ಬಿಸಿಲಿಗಿಡುವುದು. ಒಂದು ಪದರ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಕೊನೆಗೆ ಸುಲಿದು ತುಂಡು ಮಾಡಿದಾಗ, ಒಂದೊಂದು ತುಂಡನ್ನೂ ಸೂರ್ಯನಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವರು. ನಾರು, ಮರಳು, ನೊಣದ ರೆಕ್ಕೆ ಏನಿದ್ದರೂ ಆ ಬೆಳಕಿನಲ್ಲಿ ಕಾಣುತ್ತಿತ್ತು. ಕಂಡರೆ ಆ ತುಂಡು ಮನೆಯವರ ಪಾಲಿಗೆ.

ಇದನ್ನು ಆನ್‌ಲೈನಿನಲ್ಲಿ ಮಾರೋಣ ಎಂದವಳು ನಾನು. ಕೋಲಾರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಬೇಸಿಗೆಯ ತಿಂಗಳುಗಳಲ್ಲಿ ಸಂಬಳವಿರುತ್ತಿರಲಿಲ್ಲ. ನನ್ನ ತಮ್ಮ ಪ್ಯಾಕ್ ಮಾಡಿ ಶ್ರೀನಿವಾಸಪುರದ ಕೊರಿಯರಿಗೆ ಹಾಕುವುದು, ನಾನು ಫೋಟೋ ತೆಗೆದು ಪುಟ ನಡೆಸುವುದು ಎಂದಾಯಿತು.

ಮೊದಲ ಫೋಟೋಗಳನ್ನು ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ತೆಗೆದೆ. ಅತ್ತೆ ಫೋನನ್ನು ಕಣ್ಣಿನಿಂದ ದೂರ ಹಿಡಿದು ನೋಡಿದರು.

"ಏಮೇ ಎಂ.ಎ., ಇದು ನಮ್ ತಾಂಡ್ರನಾ? ಹಳೇ ಚಪ್ಲಿ ಅಟ್ಟೆ ಇದ್ದಂಗೈತೆ. ಇದನ್ನ ನೋಡಿ ದುಡ್ಡು ಕೊಡೋನು ಸಿಕ್ರೆ ಅವನ್ನ ಮನೆಗೆ ಕರ್ಕೊಂಬಾ, ಮುಖ ನೋಡ್ತೀನಿ."

ಸ್ಟೀಲ್ ತಟ್ಟೆಯಲ್ಲಿಟ್ಟು ತೆಗೆದೆ. ತಟ್ಟೆಯೊಳಗೆ ಫೋನು ಹಿಡಿದ ನನ್ನದೇ ಮುಖ ಮೂಡಿತ್ತು. "ಅಕ್ಕಾ, ನೀನೂ ಸೇಲಿಗಿದ್ದೀಯಾ?" ಎಂದ ತಮ್ಮ. ನಿಧಾನವಾಗಿ ಕಲಿತೆ. ಬೆಳಗಿನ ಬಿಸಿಲು ನೇರ ಬೀಳದ ಜಗಲಿಯ ತುದಿ, ಹಿಂದೆ ಅಪ್ಪನ ಒಗೆದ ಬಿಳಿ ಪಂಚೆ, ನೆರಳಿನ ಕಡೆಗೆ ಟಿವಿ ಡಬ್ಬದಲ್ಲಿ ಬಂದಿದ್ದ ಥರ್ಮಾಕೋಲ್ ಹಲಗೆ. ಫ್ಲಾಶ್ ಬೇಡ. ತೆಗೆಯುವ ಮೊದಲು ಲೆನ್ಸ್ ಒರೆಸಬೇಕು. ಎಣ್ಣೆಗೈ ತಾಗಿದ ಫೋನಿನಲ್ಲಿ ಎಲ್ಲವೂ ಮಂಜು. ಫೋಟೋಗಳು ಚೆನ್ನಾಗಿ ಬರತೊಡಗಿದವು. ಎಷ್ಟು ಚೆನ್ನಾಗಿ ಎಂದರೆ, ಕೊಂಡವರೊಬ್ಬರು ಸಿಟ್ಟಾಗಿ ಬರೆದರು: ಫೋಟೋದಲ್ಲಿ ಮಾಲೂರು ಇಟ್ಟಿಗೆಯಷ್ಟು, ಬಂದದ್ದು ಬೆಂಕಿಪೊಟ್ಟಣದಷ್ಟು.

ಅಳತೆ ತೋರಿಸಲು ನಾಣ್ಯ ಇಟ್ಟೆ, ಚಮಚ ಇಟ್ಟೆ. ಬೆಂಕಿಪೊಟ್ಟಣವನ್ನೇ ಇಟ್ಟಾಗ ತಮ್ಮ, "ಅದು ಫ್ರೀನಾ ಅಂತ ಕೇಳ್ತಾರೆ ಕಣಕ್ಕಾ" ಎಂದು ನಕ್ಕ. ಬೇಸತ್ತು ಮಾಳಿಗೆಗೆ ಹೋದರೆ ಅತ್ತೆ ತುಂಡುಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಬೆಳಕು ತಾಂಡ್ರದ ಹಿಂದಿನಿಂದ ಬರುತ್ತಿತ್ತು. ಚಪ್ಪಲಿಯ ಅಟ್ಟೆಯಂತಿದ್ದದ್ದು ಜೇನಿನ ಹಾಗೆ ಹೊಳೆಯುತ್ತಿತ್ತು.

"ಹಾಗೇ ಇರಿ ಅತ್ತೆ, ಅಲ್ಲಾಡಬೇಡಿ."

"ಅಯ್ಯೋ, ನನ್ ಕೈ ಯಾಕೇ?"

"ಅಳತೆ ಗೊತ್ತಾಗುತ್ತೆ."

ಅತ್ತೆ ತುಂಡನ್ನು ಕೆಳಗಿಟ್ಟು ಎದ್ದುಹೋದರು. ಬೇಸರವಾಯಿತೇನೋ ಎಂದುಕೊಂಡೆ. ಹಿತ್ತಲಿಗೆ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಸೆರಗಿನಲ್ಲಿ ಒರೆಸಿಕೊಳ್ಳುತ್ತ ಹತ್ತಿ ಬಂದರು. ತುಂಡನ್ನೆತ್ತಿ ಕೈಯನ್ನು ಫೋನಿನ ಕಡೆಗೆ ಚಾಚಿದರು. "ಹಿಂಗೆ ಹಿಡೀಲಾ? ತಗೋ ಅಂತ ಕೊಡೋ ಹಂಗೆ?"

ನನಗೆ ತಿಳಿದಂತೆ ಅತ್ತೆ ಯಾರಿಗೇ ಆಗಲಿ ಕೈಚಾಚಿ ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ಆಗಲೇ ಇದನ್ನು ಗಮನಿಸಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಆಗ ನಾನು ನೋಡುತ್ತಿದ್ದದ್ದು ಬೆಳಕನ್ನು.

ಆ ಫೋಟೋ ಹಾಕಿದ ಮೇಲೆ ಆರ್ಡರುಗಳು ಏರಿದವು. ಸಂಜೆ ತಮ್ಮ ಕೊರಿಯರಿಗೆ ಹೊರಟಾಗ ಅತ್ತೆ ಬಾಗಿಲಲ್ಲಿ ಅಡ್ಡ ನಿಂತು, "ಇವತ್ತು ಯಾವೂರ್ಲಾ?" ಎಂದು ಕೇಳುವರು. "ಮೈಸೂರು, ಹುಬ್ಬಳ್ಳಿ" ಎಂದರೆ, "ನೋಡ್ದಾ, ನಾನು ಮುಳಬಾಗಿಲು ದಾಟಿಲ್ಲ, ನನ್ ಕೈ ಹುಬ್ಬಳ್ಳಿಗೋಯ್ತು" ಎನ್ನುವರು. ಅಪ್ಪನಿಗೂ ಅದನ್ನೇ ಹೇಳುವರು. ಹಾಲಿನವನಿಗೂ ಹೇಳಿದ್ದರಂತೆ.

ಆಮೇಲೆ ಆ ಪ್ರಶ್ನೆ ಬಂತು. ಫೋಟೋದ ಕೆಳಗೆ ಯಾರೋ ಒಬ್ಬರು, ಬೈಗುಳವೇನೂ ಇಲ್ಲದೆ ಮರ್ಯಾದೆಯಾಗಿಯೇ ಬರೆದಿದ್ದರು: ಕೈಯ ಮೇಲಿರುವುದು ಏನು? ಮಾಡುವವರಿಗೆ ಚರ್ಮದ ಕಾಯಿಲೆಯೇ? ಮಕ್ಕಳಿಗೆ ಕೊಡಬಹುದೇ? ಇನ್ನಿಬ್ಬರು ಅದನ್ನು ಒಪ್ಪಿ ಗುರುತು ಹಾಕಿದ್ದರು. ಬರೆಯಬೇಕಿದ್ದ ಉತ್ತರ ಒಂದು ಸಾಲಿನದು: ಇದು ತೊನ್ನು, ಯಾರಿಗೂ ಅಂಟುವುದಿಲ್ಲ, ನಾವು ಹುಟ್ಟಿದಾಗಿನಿಂದ ಈ ಕೈಯ ಅಡುಗೆಯನ್ನೇ ಉಂಡವರು. ನಾನು ಬರೆದದ್ದು ಬೇರೆ. "ನಮ್ಮ ಉತ್ಪನ್ನವನ್ನು ಕೈಗವಸು ಧರಿಸಿ ಶುಚಿಯಾಗಿ ತಯಾರಿಸಲಾಗುತ್ತದೆ." ನಮ್ಮ ಮನೆಯಲ್ಲಿ ಕೈಗವಸು ಎಂಬುದೇ ಇರಲಿಲ್ಲ. ಆ ವಾರ ಆರ್ಡರು ಇಳಿದವು. ಪ್ರಶ್ನೆಯಿಂದಲೋ, ಮಾವಿನ ಕಾಲ ಮುಗಿಯುತ್ತ ಬಂದಿದ್ದರಿಂದಲೋ, ಇಂದಿಗೂ ಹೇಳಲಾರೆ. ಫೋಟೋ ಬದಲಾಯಿತು. ಅದೇ ಮಾಳಿಗೆ, ಅದೇ ಬೆಳಕು, ಅದೇ ತಾಂಡ್ರ. ಹಿಡಿದದ್ದು ನನ್ನ ಕೈ.

ಇಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ನನ್ನ ನೆನಪಿನಲ್ಲಿ ಅತ್ತೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಾರೆ. ನಾನು ಪ್ರಶ್ನೆಯ ವಿಷಯ ಹೇಳುತ್ತೇನೆ. ಅವರು ತಲೆಯೆತ್ತದೆ, "ನನ್ ಕೈ ತೆಗೆದ್ಬಿಡೇ. ಸರಕು ನೋಡ್ಲಿ ಜನ, ಕೈನ ಕಟ್ಕೊಂಡು ಅವ್ರಿಗೇನಾಗ್ಬೇಕು" ಎನ್ನುತ್ತಾರೆ. ಅವರೇ ಹೇಳಿದರೆಂದು ನಾನು ಹೊಸ ಫೋಟೋ ತೆಗೆಯುತ್ತೇನೆ. ಎಷ್ಟೋ ದಿನ ಈ ಕ್ರಮದಲ್ಲೇ ಎಲ್ಲವೂ ನಡೆಯಿತು ಎಂದುಕೊಂಡು ನೆಮ್ಮದಿಯಾಗಿದ್ದೆ.

ಅತ್ತೆ ಹೋದ ಮೇಲೆ ಒಂದು ದಿನ ಮಾತಿಗೆ ಮಾತು ಬಂದು ಇದನ್ನು ತಮ್ಮನಿಗೆ ಹೇಳಿದೆ.

"ಇಲ್ಲ ಕಣಕ್ಕಾ. ನೀನು ಮೊದ್ಲೇ ಬದಲಾಯಿಸಿದ್ದೆ. ಅತ್ತೆ ನನ್ ಫೋನಲ್ಲಿ ನೋಡಿದ್ರು. ಆವತ್ತು ಯಾವೂರು ಅಂತ ಕೇಳೋಕೆ ಬಂದಿದ್ರು."

"ನೋಡಿ ಏನಂದ್ರು?"

"ಇದ್ಯಾರ್ ಕೈಯೋ ಅಂದ್ರು. ಅಕ್ಕಂದು ಅಂದೆ. ಎರಡು ಬೆರಳಿಟ್ಟು ದೊಡ್ಡದು ಮಾಡಿ ನೋಡಿದ್ರು. 'ಉಗುರು ಉದ್ದ ಬಿಟ್ಟವ್ಳೆ, ಕತ್ತರಿಸ್ಕೊಳ್ಳೋಕೆ ಹೇಳು. ತಿನ್ನೋ ಪದಾರ್ಥ' ಅಂದ್ರು. ಅಷ್ಟೇ. ನಿನ್ನ ಹತ್ರ ತೆಗೆದ್ಬಿಡು ಅಂದಿದ್ರೆ, ಅದು ಆಮೇಲಿಂದೇ ಇರ್ಬೇಕು."

ಅವನಿಗೆ ಸುಳ್ಳು ಹೇಳುವ ಕಾರಣವಿಲ್ಲ. ನನಗೆ ಇದೆ. ಅವನು ಹೇಳಿದ್ದು ನಿಜವಾದರೆ, ಅತ್ತೆ ನನ್ನ ಬಳಿ ಬಂದು ಆಡಿದ ಮಾತು ಅನುಮತಿಯಲ್ಲ. ನಾನು ಮಾಡಿ ಮುಗಿಸಿದ್ದಕ್ಕೆ, ನಾನು ನಾಚಿಕೊಳ್ಳಬಾರದೆಂದು, ತಾವೇ ಒಂದು ಕಾರಣ ಹುಡುಕಿ ತಂದು ನನ್ನ ಮುಂದಿಟ್ಟು ಹೋದದ್ದು.

ಎರಡೂ ನಿಜವಿರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ಮಾತ್ರ ಖಚಿತ. ಅತ್ತೆ ಆಮೇಲೂ ಎರಡು ಬೇಸಿಗೆ ತಾಂಡ್ರ ಮಾಡಿದರು. ಯಾವೂರು ಎಂದು ಕೇಳುವುದನ್ನು ಬಿಟ್ಟರು. ನಾನು ಫೋನು ಹಿಡಿದು ಮಾಳಿಗೆ ಹತ್ತಿದರೆ, "ತಡಿಯೇ, ಪಕ್ಕಕ್ಕೋಗ್ತೀನಿ, ನೆರಳು ಬೀಳ್ತೈತೆ" ಎಂದು ಎದ್ದು ನೀರಿನ ಟ್ಯಾಂಕಿನ ಹಿಂದೆ ಹೋಗಿ ನಿಲ್ಲುತ್ತಿದ್ದರು. ನೆರಳು ಬೀಳುತ್ತಿರಲಿಲ್ಲ. ಬೆಳಕಿನ ವಿಷಯ ಅಷ್ಟೆಲ್ಲ ಕಲಿತಿದ್ದ ನಾನು, "ನೆರಳು ಬೀಳಲ್ಲ, ಇಲ್ಲೇ ಇರಿ ಅತ್ತೆ" ಎಂದು ಒಂದು ಸಲವೂ ಹೇಳಲಿಲ್ಲ.

ಆ ಎರಡು ಬೇಸಿಗೆಯೂ ನನ್ನ ಕೈಯ ಫೋಟೋಗೆ ವ್ಯಾಪಾರ ಚೆನ್ನಾಗಿಯೇ ಆಯಿತು. ಕೋಲಾರದ ಮನೆಯ ಬಾಡಿಗೆ ಅದರಿಂದಲೇ ಸಾಗಿತು. ಹೇಗೆ ಮಾಡ್ತೀರಾ ಎಂದು ಕಾಲೇಜಿನ ಗೆಳತಿಯರು ಕೇಳಿದರೆ ನಾನು ಫೋಟೋಗ್ರಫಿಯ ಬಗ್ಗೆ ಮಾತಾಡುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಅತ್ತೆಗೆ ಜ್ವರ ಬಂದು ಎದೆಗೆ ಇಳಿಯಿತು. ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ನಾಲ್ಕು ಮಾತು ಆಡುವಷ್ಟು ಚೇತರಿಸಿಕೊಂಡು, ಮನೆಗೆ ಕರೆದೊಯ್ಯಿರಿ ಎಂದು ಅಪ್ಪನನ್ನು ಪೀಡಿಸಿದರು. ಮನೆಗೆ ಬಂದ ಮೂರನೆಯ ದಿನ ಹೋಗಿಬಿಟ್ಟರು.

ಹತ್ತನೆಯ ದಿನ ಅಪ್ಪ ನನ್ನನ್ನು ಕರೆದು, "ನಾಳೆಗೆ ಅಕ್ಕಂದು ಒಂದು ಫೋಟೋ ದೊಡ್ಡದು ಮಾಡಿಸ್ಕೊಂಬಾ. ನಿನ್ ಫೋನಲ್ಲಿ ಬೇಕಾದಷ್ಟು ಇರ್ತಾವಲ್ಲ" ಎಂದರು. ಕೂತು ಹುಡುಕಿದೆ. ತಾಂಡ್ರ, ತಟ್ಟೆಗಳು, ಪಂಚೆಯ ಮೇಲೆ ಜೋಡಿಸಿದ ಪೊಟ್ಟಣಗಳು, ಬೆಳಗಿನ ಬೆಳಕು, ಬೆಳಕಿಗೆ ಎದುರಾಗಿ ಹಿಡಿದ ತುಂಡುಗಳು. ಅತ್ತೆಯ ಕೈ ಹಿಡಿದ ತುಂಡನ್ನು ಹದಿನೈದಿಪ್ಪತ್ತು ಕೋನದಿಂದ ತೆಗೆದಿದ್ದೆ. ಮುಖ ಒಂದರಲ್ಲೂ ಇರಲಿಲ್ಲ. ಒಂದರಲ್ಲಿ ಕಿವಿ ಮತ್ತು ಓಲೆ ಇತ್ತು. ಅದು ಚೌಕಟ್ಟಿನೊಳಗೆ ತಪ್ಪಿ ಬಂದದ್ದು. ಕೊನೆಗೆ ತಮ್ಮನೂ ನಾನೂ ಅವರ ಆಧಾರ್ ಕಾರ್ಡು ತೆಗೆದುಕೊಂಡು ಶ್ರೀನಿವಾಸಪುರದ ಸ್ಟುಡಿಯೊಗೆ ಹೋದೆವು.

ಸ್ಟುಡಿಯೊದವರು ಒಳ್ಳೆಯವರು. ಸಂಜೆಯೊಳಗೆ ಕೊಡುತ್ತೇನೆಂದು ಹೇಳಿ ಹಾಗೆಯೇ ಮಾಡಿದರು. ಹಿಂದೆ ತಿಳಿ ನೀಲಿ ಬಣ್ಣ, ಗಾಜು, ಚಿನ್ನದ ಬಣ್ಣದ ಕಟ್ಟು. ಗಾಜಿನೊಳಗೆ ಅತ್ತೆ ನನ್ನನ್ನೇ ನೋಡುತ್ತಿದ್ದರು. ಕಣ್ಣಿನ ಕೆಳಗೆ, ತುಟಿಯ ಮೂಲೆಯಲ್ಲಿ, ಎಲ್ಲೆಲ್ಲೂ ಒಂದೇ ಬಣ್ಣ.

"ಕಾರ್ಡಿನ ಫೋಟೋ ಅಲ್ವಾ ಮೇಡಂ, ಮುಖದ್ಮೇಲೆ ಕಲೆ ಕಲೆ ಇತ್ತು. ಎಲ್ಲಾ ಕ್ಲೀನ್ ಮಾಡಿದೀನಿ. ಅದಕ್ಕೇನೂ ಚಾರ್ಜಿಲ್ಲ."

ತಮ್ಮ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ. "ಅಕ್ಕಾ, ಇವರು ಅತ್ತೆ ಅಲ್ಲ" ಎಂದ.

ಸ್ಟುಡಿಯೊದವರಿಗೆ ಗಾಬರಿಯಾಯಿತು. "ಅಯ್ಯೋ, ಅವ್ರಿಗೆ ಇದ್ದಿದ್ದೇನಾ ಅದು? ನಂಗ್ ಗೊತ್ತಾಗ್ಲಿಲ್ಲ. ಹತ್ತು ನಿಮಿಷ ಕೂತ್ಕೊಳ್ಳಿ, ಇದ್ದಂಗೇ ಹಾಕಿ ಕೊಡ್ತೀನಿ. ಹೆಂಗ್ ಮಾಡ್ಲಿ ಹೇಳಿ ಮೇಡಂ?"

ತಮ್ಮ ಆಗಲೇ ಬೆಂಚಿನ ಮೇಲೆ ಕೂತಿದ್ದ. ನಾಳೆ ರಾಯಲ್ಪಾಡಿನಿಂದ ಬರುವ ನೆಂಟರು, ಹಾರ ಹಾಕಿದ ಫೋಟೋದ ಮುಂದೆ ಸಾಲಾಗಿ ನಿಲ್ಲುವ ಅವರ ಹೆಂಗಸರು, ಆ ಹೆಂಗಸರ ಕಣ್ಣು ನನಗೆ ಕಂಡವು. ಚಿತ್ರ ಎಷ್ಟು ನಯವಾಗಿ ಬಂದಿದೆ ಎಂದೂ ಅನ್ನಿಸಿತು. ಅದನ್ನೂ ಬರೆಯಬೇಕು.

"ಬೇಡ ಬಿಡಿ. ಹೀಗೇ ಇರಲಿ" ಎಂದೆ.

ಆ ಫೋಟೋ ಈಗ ಯಲ್ದೂರಿನ ಮನೆಯ ನಡುಮನೆಯಲ್ಲಿದೆ. ಈ ಸಲ ಮಚ್ಚೆ ಬೇಡವೆಂಬ ಮಾತನ್ನು ಮೊದಲು ಆಡಿದ್ದು ಯಾರು ಎಂದು ನಾನು ತಮ್ಮನನ್ನು ಕೇಳಬೇಕಾಗಿಲ್ಲ.