ಮೂರು ಸಲ ತಪ್ಪು ಪಾಸ್‌ವರ್ಡ್

ಗಂಗಾವತಿಯ ಬಸ್ ನಿಲ್ದಾಣದ ಹಿಂದೆ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಕಚೇರಿಯಿತ್ತು. ಅಲ್ಲಿ ನಾನು ಪರೀಕ್ಷೆ ಮಾಡುವವಳು. ಬೇರೆಯವರು ಬರೆದ ಲಾಗಿನ್ ಪುಟಕ್ಕೆ ಸರಿ ಪಾಸ್‌ವರ್ಡ್, ತಪ್ಪು ಪಾಸ್‌ವರ್ಡ್ ಹಾಕಿ, ಏನಾಗುತ್ತದೆಂದು ಬರೆದಿಡುವುದು ನನ್ನ ಕೆಲಸ.

ಆ ವರ್ಷ ಒಂದು ಖಾಸಗಿ ನರ್ಸಿಂಗ್ ಶಾಲೆಯ ಅರ್ಜಿಗಳು ನಮ್ಮ ವೆಬ್‌ಸೈಟಿನಲ್ಲಿ ಬರುತ್ತಿದ್ದವು. ಮೂರು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಖಾತೆ ಒಂದು ದಿನ ಲಾಕ್ ಆಗಬೇಕೆಂಬ ನಿಯಮವನ್ನು ಅರ್ಜಿ ಹಾಕುವ ಕೊನೆಯ ದಿನ ಬೆಳಿಗ್ಗೆ ಸೇರಿಸಿದರು. ಅದನ್ನು ಪರೀಕ್ಷಿಸಲು ನಾನೊಂದು ಸುಳ್ಳು ಖಾತೆ ಮಾಡಿಕೊಳ್ಳಬೇಕಿತ್ತು. ಅಷ್ಟೆಲ್ಲ ಮಾಡಲು ಬೇಸರವಾಯಿತು. ಒತ್ತಲು ಸುಲಭವೆಂದು 1111 ಎಂಬ ಅರ್ಜಿ ಸಂಖ್ಯೆ ಹಾಕಿ, ಮೂರು ಸಲ ಏನೇನೋ ಒತ್ತಿದೆ. ಲಾಕ್ ಆಯಿತು. ‘ಸರಿಯಿದೆ’ ಎಂದು ಬರೆದು ಚಹಾ ಕುಡಿಯಲು ಹೋದೆ.

ಮಧ್ಯಾಹ್ನ ಹುಲಿಹೈದರದ ಕಡೆಯ ಹುಡುಗಿಯೊಬ್ಬಳು ಅಣ್ಣನೊಂದಿಗೆ, ವೆಬ್‌ಸೈಟಿನಲ್ಲಿದ್ದ ನಮ್ಮ ವಿಳಾಸ ಹುಡುಕಿಕೊಂಡು ಬಂದಳು. ಅರ್ಜಿ ಅರ್ಧ ತುಂಬಿದ್ದಳಂತೆ. ಈಗ ಒಳಗೇ ಬಿಡುತ್ತಿಲ್ಲ. ಸಂಖ್ಯೆ ನೋಡಿದರೆ ನಾಲ್ಕು ಒಂದುಗಳು.

ಮಾಲೀಕರಿಗೆ ಹೋಗಿ ಹೇಳಿದೆ. ಅವರು ತಲೆ ಎತ್ತಲಿಲ್ಲ. “ಲಾಕ್ ತಗದ್ರ ದಾಖಲಾಗ್ತೈತಿ. ಸಾಲಿಯವ್ರು ಯಾಕಂತ ಕೇಳ್ತಾರ. ಪಾಸ್‌ವರ್ಡ್ ಮರತಾಳಂತ ಹೇಳಿ ಕಳಸು.”

ಹಾಗೇ ಹೇಳಿದೆ.

“ಮರತಿಲ್ರಿ ಅಕ್ಕಾರ” ಎಂದಳು.

“ಹಂಗಾರ ಏನಂತ ಹಾಕ್ತಿ, ಹೇಳು.”

ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ. ಅವಳು ಅಣ್ಣನ ಮುಖ ನೋಡಿ, ಮೆಲ್ಲಗೆ, “ನರ್ಸಕ್ಕ” ಎಂದಳು. ಹಿಂದಿನ ಮೇಜಿನ ಇಬ್ಬರು ನಕ್ಕರು. ನಾನೂ ನಕ್ಕೆ.

“ಇಂಗ್ಲಿಷಿನ್ಯಾಗ ಎಲ್ಲೋ ಒಂದು ಅಕ್ಷರ ತಪ್ಪೀದಿ” ಎಂದೆ.

ಅವಳ ಅಣ್ಣ ಎಲ್ಲರೆದುರೇ ಅಂದ: “ಒಂದು ಶಬ್ದ ನೆನಪಿಡಾಕ ಆಗಂಗಿಲ್ಲ. ನೀ ರೋಗಿಗೆ ಯಾವ ಗುಳಿಗಿ ಕೊಡ್ತಿ?”

ಅವಳು ಬೆಂಚಿನ ಮೇಲೆ ಕೂತು, ಬಸ್ ಟಿಕೆಟ್ಟಿನ ಹಿಂದೆ ಆ ಪದವನ್ನು ಇಂಗ್ಲಿಷಿನ ಬೇರೆ ಬೇರೆ ಅಕ್ಷರಗಳಲ್ಲಿ ಬರೆಯುತ್ತಿದ್ದಳು. ಒಂದೊಂದನ್ನೂ ತಂದು ತೋರಿಸಿದಳು. ನಾನು ಒಂದೊಂದನ್ನೂ ಒತ್ತಿದಂತೆ ಮಾಡಿ ತಲೆಯಾಡಿಸಿದೆ. ಸಂಜೆ ಐದಕ್ಕೆ ಅರ್ಜಿಯ ಪುಟ ಮುಚ್ಚಿತು.

ಎರಡು ವರ್ಷದ ನಂತರ ಕಾರಟಗಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುತ್ತಿದ್ದವಳು ನನ್ನ ಗುರುತು ಹಿಡಿದಳು.

“ಅವತ್ತು ನಂದ ತಪ್ಪಿತ್ತೇನ್ರಿ ಅಕ್ಕಾರ? ಖರೇ ಹೇಳ್ರಿ.”

ನಾನು ಆ ಕೆಲಸ ಬಿಟ್ಟು ವರ್ಷವಾಗಿತ್ತು. ಮಾಲೀಕರ ಭಯವೂ ಇರಲಿಲ್ಲ.

“ಹೌದು” ಎಂದೆ.